ನಾಳವನ್ನು ಹೊರಗಿನಿಂದ ಒತ್ತುವ ಕಲ್ಲು

ತೀರ್ಥಹಳ್ಳಿ, ಹೊಸನಗರ ಕಡೆ ಕಣ್ಣು ಹಳದಿಯಾದರೆ ಮೊದಲು ಬರುವ ಸಲಹೆ ಸೊಪ್ಪಿನ ಔಷಧಿ. ನೆಲನೆಲ್ಲಿ ಅರೆದು, ಮಜ್ಜಿಗೆಯಲ್ಲಿ ಕದಡಿ, ಖಾಲಿ ಹೊಟ್ಟೆಗೆ ಕುಡಿಸುತ್ತಾರೆ. ಜತೆಗೆ ಪಥ್ಯ. ಎಷ್ಟೋ ಜನಕ್ಕೆ ವಾಸಿಯೂ ಆಗುತ್ತದೆ. ಆಗದೇ ಏನು? ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ ಬಹುತೇಕರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಹೆಸರು ಮಾತ್ರ ಸೊಪ್ಪಿಗೆ.

ಪಿತ್ತಕೋಶದ ಕಲ್ಲಿನಿಂದ ಬಂದ ಕಾಮಾಲೆಗೆ ಈ ಲೆಕ್ಕ ನಡೆಯುವುದಿಲ್ಲ. ಇನ್ನು ಕೆಲವರು ಬಾಳೆದಿಂಡಿನ ರಸ ಕುಡಿಸುತ್ತಾರೆ. ಅದು ಕಿಡ್ನಿ ಕಲ್ಲಿಗೆ ಹೇಳುವ ಮದ್ದು ಅಲ್ವಾ? ಪಿತ್ತಕೋಶದ ಕಲ್ಲು ಮೂತ್ರದ ದಾರಿಯಲ್ಲೇ ಇರುವುದಿಲ್ಲ.

ಕಲ್ಲು ಪಿತ್ತನಾಳದೊಳಗೆ ಜಾರಿ ಅಡ್ಡ ಕೂತರೆ ಎಂಡೋಸ್ಕೋಪಿಯಲ್ಲಿ ತೆಗೆಯುತ್ತಾರೆ, ಇದು ಸುಮಾರು ಜನಕ್ಕೆ ಗೊತ್ತು. ನನಗೆ ಸೋಜಿಗ ಅನ್ನಿಸುವುದು ಇನ್ನೊಂದು ಬಗೆ. ಇಲ್ಲಿ ಕಲ್ಲು ಸಿಕ್ಕಿಬಿದ್ದಿರುವುದು ಪಿತ್ತಕೋಶದ ಕುತ್ತಿಗೆಯಲ್ಲಿ. ಅಲ್ಲಿಂದಲೇ ಪಕ್ಕದಲ್ಲಿ ಹಾದುಹೋಗುವ ಪಿತ್ತನಾಳವನ್ನು ಅದುಮುತ್ತದೆ. ತೋಟದ ಪೈಪಿನ ಮೇಲೆ ಬಂಡೆ ಉರುಳಿ ಕೂತ ಹಾಗೆ: ಒಳಗೆ ಕಸವಿಲ್ಲ, ಆದರೂ ನೀರು ಬರುವುದಿಲ್ಲ. ಕರುಳಿಗೆ ಇಳಿಯಬೇಕಾದ ಪಿತ್ತ ಹಿಂದಕ್ಕೇ ನಿಂತು, ಅದರ ಬಣ್ಣ ರಕ್ತಕ್ಕೆ ಸೇರುತ್ತದೆ. ಮೂತ್ರ ಕಡುಬಣ್ಣ, ಮಲ ಬಿಳಿಚು, ಮೈಯೆಲ್ಲ ತುರಿಕೆ.

ಇದಕ್ಕೆ ಮಿರಿಜ್ಜಿ ಸಿಂಡ್ರೋಮ್ ಅಂತ ಹೆಸರು. ಅರ್ಜೆಂಟೀನಾದ ಸರ್ಜನ್ ಪಾಬ್ಲೊ ಮಿರಿಜ್ಜಿ 1948ರಲ್ಲಿ ಇದನ್ನು ವಿವರಿಸಿದರು. ಆಪರೇಷನ್ ನಡೆಯುತ್ತಿರುವಾಗಲೇ ಪಿತ್ತನಾಳದ ಎಕ್ಸ್‌ರೇ ತೆಗೆಯುವ ಪದ್ಧತಿ ಶುರು ಮಾಡಿದವರೂ ಅವರೇ, 1931ರಲ್ಲಿ. ಯಕೃತ್ತಿನ ನಾಳದಲ್ಲಿ ಒಂದು ಸ್ನಾಯು ಬಿಗಿದುಕೊಳ್ಳುತ್ತದೆ ಅಂತ ಅವರು ಅಂದುಕೊಂಡಿದ್ದರು. ಆ ಮಾತು ಆಮೇಲೆ ಬಿದ್ದುಹೋಯಿತು, ಹೆಸರು ಉಳಿಯಿತು.

ಒತ್ತುತ್ತಾ ಒತ್ತುತ್ತಾ ಕಲ್ಲು ನಾಳದ ಗೋಡೆಯನ್ನೇ ತಿನ್ನಬಹುದು. ಎಷ್ಟು ತಿಂದಿದೆ ಅನ್ನುವುದರ ಮೇಲೆ ಚಿಲಿಯ ಸೆಂಡೆಸ್ ಮತ್ತು ಸಂಗಡಿಗರು 1989ರಲ್ಲಿ ನಾಲ್ಕು ಹಂತ ಮಾಡಿದರು. ಬರೀ ಒತ್ತಡವಿದ್ದರೆ ಒಂದನೆಯದು. ತೂತು ಬಿದ್ದು, ಅದು ನಾಳದ ಸುತ್ತಳತೆಯ ಮೂರನೇ ಒಂದು ಭಾಗದೊಳಗಿದ್ದರೆ ಎರಡನೆಯದು. ಮೂರನೇ ಎರಡು ಭಾಗದವರೆಗೆ ಹೋದರೆ ಮೂರು. ಗೋಡೆ ಪೂರ್ತಿ ಹೋಗಿದ್ದರೆ ನಾಲ್ಕು. ಪಿತ್ತಕೋಶ ಕರುಳಿಗೂ ತೂತಾಗಿ ಸೇರಿಕೊಂಡಿರುವುದನ್ನು ಆಮೇಲೆ ಐದನೆಯದಾಗಿ ಸೇರಿಸಿದರು.

ಈ ವಿಂಗಡಣೆ ಸುಮ್ನೆ ಕಾಗದದ ಮೇಲಿನದಲ್ಲ, ಕತ್ತರಿ ಎಲ್ಲಿ ನಿಲ್ಲಬೇಕು ಅಂತ ಹೇಳುವುದೇ ಇದು. ಹಳೇ ಊತದಿಂದ ಪಿತ್ತಕೋಶ, ನಾಳ, ರಕ್ತನಾಳ ಎಲ್ಲ ಅಂಟಿಕೊಂಡು ಒಂದೇ ಮುದ್ದೆಯಾಗಿರುತ್ತವೆ. ಪಿತ್ತಕೋಶವನ್ನು ಬುಡಸಮೇತ ಕೀಳಲು ಹೋದರೆ ಮುಖ್ಯ ನಾಳವೇ ತುಂಡಾಗಬಹುದು. ಹಾಗಾಗಿ ಒಂದನೇ ಹಂತದಲ್ಲೂ ಕಷ್ಟವಾದರೆ ಕುತ್ತಿಗೆಯ ಭಾಗವನ್ನು ಅಲ್ಲೇ ಬಿಡುತ್ತಾರೆ. ಎರಡರಲ್ಲಿ ಮೇಲಿನಿಂದ ಬಿಡಿಸುತ್ತಾ ಬಂದು, ಪಿತ್ತಕೋಶವನ್ನು ತೆರೆದು ಕಲ್ಲು ತೆಗೆದು, ತೂತಿನ ಸುತ್ತ ಅದರದ್ದೇ ಗೋಡೆಯ ಚೂರು ಉಳಿಸಿಕೊಳ್ಳುತ್ತಾರೆ. ಆ ಚೂರನ್ನು ಮಡಚಿ ಹೊಲಿದರೆ ನಾಳಕ್ಕೆ ತೇಪೆ ಸಿಕ್ಕಿತು! ಮೂರರಲ್ಲಿ ಕೆಲವೊಮ್ಮೆ ಈ ತೇಪೆ ಸಾಲುತ್ತದೆ. ನಾಲ್ಕರಲ್ಲಿ ತೇಪೆ ಹಾಕಲು ಗೋಡೆಯೇ ಇಲ್ಲ. ಸಣ್ಣ ಕರುಳಿನ ಒಂದು ಕವಲನ್ನು ಮೇಲೆ ತಂದು ಯಕೃತ್ತಿನ ನಾಳಕ್ಕೆ ನೇರ ಹೊಲಿಯುತ್ತಾರೆ.

ಹಿಂದೆ ಈ ತೊಂದರೆ ಹೊಟ್ಟೆ ತೆರೆದ ಮೇಲೆಯೇ ಎಷ್ಟೋ ಸಲ ಗೊತ್ತಾಗುತ್ತಿತ್ತು. ಈಗ ಎಂಆರ್‌ಐನಲ್ಲಿ ಪಿತ್ತನಾಳದ ಚಿತ್ರ ತೆಗೆದರೆ ಎಷ್ಟೋ ಸಲ ಮೊದಲೇ ಸುಳಿವು ಸಿಗುತ್ತದೆ. ತೆಗೆದ ಪಿತ್ತಕೋಶವನ್ನು ಬಯಾಪ್ಸಿಗೆ ಕಳಿಸುವುದನ್ನೂ ಬಿಡುವುದಿಲ್ಲ, ಇಂಥವರಲ್ಲಿ ಪಿತ್ತಕೋಶದ ಕ್ಯಾನ್ಸರ್ ಅಡಗಿರುವ ಸಾಧ್ಯತೆ ಸ್ವಲ್ಪ ಜಾಸ್ತಿ.