ಬಂದೂಕೇ ಇಲ್ಲದ ಸಿನಿಮಾ, ಬಂದೂಕಿನದೇ ಆಟ

ನಮ್ಮ ಬೀದಿಯ ಹುಡುಗರಿಗೆ ಅದು 'ಅರ್ನಾಲ್ಡ್ ಗೇಮ್'. ತೊಂಬತ್ತರ ದಶಕದ ಕೊನೆ. ಟಿವಿಗೆ ಸಿಕ್ಕಿಸುವ ಒಂದು ಡಬ್ಬ, ಎರಡು ರಿಮೋಟ್, ಒಂದು ಹಳದಿ ಕ್ಯಾಸೆಟ್. ಕ್ಯಾಸೆಟ್ ಮೇಲೆ ಸಾವಿರಗಟ್ಟಲೆ ಆಟ ಇದೆ ಅಂತ ಬರೆದಿರುತ್ತಿತ್ತು. ಒಳಗಿದ್ದದ್ದು ಹತ್ತೋ ಇಪ್ಪತ್ತೋ, ಅವೇ ಬೇರೆ ಬೇರೆ ಹೆಸರಲ್ಲಿ ತಿರುಗಿ ತಿರುಗಿ ಬರುತ್ತಿದ್ದವು. ಚಿತ್ರ ಸರಿಯಾಗಿ ಬರದಿದ್ದರೆ ಕ್ಯಾಸೆಟ್ ಕಿತ್ತು, ಅಡಿಗೆ ಊದಿ, ಮತ್ತೆ ಸಿಕ್ಕಿಸುವುದು. ಪಟ್ಟಿಯಲ್ಲಿ ಮೊದಲ ಆಟವೇ 'ಕಾಂಟ್ರಾ'. ಮೊದಲ ರಿಮೋಟ್ ಹಿಡಿದವನಿಗೆ ನೀಲಿ ಪ್ಯಾಂಟಿನವನು, ಎರಡನೆಯವನಿಗೆ ಕೆಂಪು ಪ್ಯಾಂಟಿನವನು. "ಇದು 'ಪ್ರಿಡೇಟರ್' ಸಿನಿಮಾ ನೋಡಿ ಮಾಡಿದ್ದು ಕಣೋ" ಅಂತ ಪಕ್ಕದ ಮನೆ ಅಣ್ಣ ಹೇಳಿದ್ದ. ಅವನು ಹೇಳಿದ ಮೇಲೆ ಮುಗೀತು, ನಂಬಿಬಿಟ್ಟೆವು.

ಆದರೆ ತಾರೀಖುಗಳನ್ನು ಪಕ್ಕಪಕ್ಕ ಇಟ್ಟರೆ ಲೆಕ್ಕ ಕೂಡುವುದಿಲ್ಲ. ಜಪಾನಿನ ಕೊನಾಮಿ ಕಂಪನಿಯ 'ಕಾಂಟ್ರಾ' ಅಲ್ಲಿನ ಆರ್ಕೇಡ್ ಅಂಗಡಿಗಳಿಗೆ (ಕಾಸು ಹಾಕಿ ಆಡುವ ಜಾಗ) ಬಂದಿದ್ದು 1987ರ ಫೆಬ್ರವರಿಯಲ್ಲಿ. ಹಾಲಿವುಡ್ ಹೀರೋ ಅರ್ನಾಲ್ಡ್ ಶ್ವಾರ್ಜ್‌ನೆಗರ್‌ನ 'ಪ್ರಿಡೇಟರ್' ಅಮೆರಿಕದಲ್ಲಿ ತೆರೆಗೆ ಬಂದಿದ್ದು ಅದೇ ವರ್ಷ ಜೂನ್‌ನಲ್ಲಿ. ಇನ್ನೂ ಬರದ ಸಿನಿಮಾ ನೋಡಿ ಆಟ ಮಾಡೋದು ಹೇಗೆ? ಕೊನಾಮಿಯವರು ನೋಡಿದ್ದ ಸಿನಿಮಾ ಬೇರೆ. ಸೈನಿಕರು ಅನ್ಯಗ್ರಹದ ಜೀವಿಗಳ ಜೊತೆ ಹೊಡೆದಾಡುವ 1986ರ 'ಏಲಿಯನ್ಸ್'. ಅದರಲ್ಲಿ ನಟಿಸಿದವರಲ್ಲಿ ಬಿಲ್ ಪ್ಯಾಕ್ಸ್ಟನ್, ಪಾಲ್ ರೈಸರ್, ಲ್ಯಾನ್ಸ್ ಹೆನ್ರಿಕ್ಸನ್, ಮೈಕೆಲ್ ಬೀನ್ ಇದ್ದಾರೆ. 'ಕಾಂಟ್ರಾ'ದ ಇಬ್ಬರು ಹೀರೋಗಳ ಹೆಸರು ಬಿಲ್ ರೈಜರ್, ಲ್ಯಾನ್ಸ್ ಬೀನ್. ನಾಲ್ಕು ಹೆಸರು ಕತ್ತರಿಸಿ ಎರಡು ಹೊಲಿದ ಹಾಗಿದೆ, ಅಲ್ವಾ? ಕೊನೆಯ ಸ್ಟೇಜ್‌ಗೆ ಹೋದರೆ ಕಾಡು, ಹಿಮ, ಕಾರ್ಖಾನೆ ಎಲ್ಲ ಮುಗಿದು ಮಾಂಸದ ಗುಹೆ ಶುರುವಾಗುತ್ತದೆ. ಅದರ ತುದಿಯಲ್ಲಿ ದೊಡ್ಡದೊಂದು ಹೃದಯ ಮಿಡಿಯುತ್ತಿರುತ್ತದೆ. ಅದಕ್ಕೆ ಗುಂಡು ಹೊಡೆಯಬೇಕು.

ಹಾಗಂತ ಅಣ್ಣ ಪೂರ್ತಿ ಸುಳ್ಳನೂ ಅಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ಓಷನ್ ಕಂಪನಿ ಈ ಆಟವನ್ನು 'ಗ್ರೈಜರ್' ಅನ್ನುವ ಹೆಸರಲ್ಲಿ ಮನೆ ಕಂಪ್ಯೂಟರ್‌ಗಳಿಗೆ ತಂದಾಗ ಬಾಬ್ ವೇಕ್ಲಿನ್ ಎಂಬ ಚಿತ್ರಕಾರ ಆಟ ಮಾರುವ ಡಬ್ಬದ ಮೇಲಿನ ಚಿತ್ರ ಬರೆದ. ಇಬ್ಬರು ಸೈನಿಕರು, ಹಿಂದೆ ಹಲ್ಲು ಕಿರಿದ ಒಂದು ಏಲಿಯನ್. ಸೈನಿಕರ ಭಂಗಿ ಎರಡೂ 'ಪ್ರಿಡೇಟರ್' ಸಿನಿಮಾದ ಅರ್ನಾಲ್ಡ್ ಫೋಟೋಗಳಿಂದ ಎತ್ತಿದ್ದು. 1988ರಲ್ಲಿ ಅಮೆರಿಕದಲ್ಲಿ ಟಿವಿಗೆ ಸಿಕ್ಕಿಸಿ ಆಡುವ ನಿಂಟೆಂಡೊ ಕನ್ಸೋಲ್‌ಗೆ 'ಕಾಂಟ್ರಾ' ಬಂದಾಗ ಅದೇ ಚಿತ್ರ ಡಬ್ಬದ ಮೇಲೆ ಕೂತಿತು. ಅಂದರೆ ಅರ್ನಾಲ್ಡ್ ಇದ್ದದ್ದು ಡಬ್ಬದ ಮೇಲೆ. ಆಟದೊಳಗೆ ಅಲ್ಲ.

ಒಳಗೆ ಇರಲು ಸಾಧ್ಯವೂ ಇರಲಿಲ್ಲ. ನಮ್ಮ ಬೀದಿಯ ಡಬ್ಬವೂ ಆ ನಿಂಟೆಂಡೊದ ನಕಲೇ. ಆ ನಿಂಟೆಂಡೊ ಯಂತ್ರ ಒಂದು ಸಲಕ್ಕೆ ತೆರೆಯ ಮೇಲೆ 64 ಚಲಿಸುವ ಚಿತ್ರತುಂಡುಗಳನ್ನು ಮಾತ್ರ ತೋರಿಸಬಲ್ಲದು. ಒಂದೊಂದು ತುಂಡೂ 8 ಚುಕ್ಕೆ ಅಗಲ. ಒಂದು ಅಡ್ಡಗೆರೆಯಲ್ಲಿ 8 ತುಂಡು ದಾಟಿದರೆ ಉಳಿದದ್ದು ಮಾಯ. ಹೀರೋಗೆ ಕೆಲವು ತುಂಡು, ಶತ್ರುಗಳಿಗೆ ಕೆಲವು, ಒಂದೊಂದು ಗುಂಡಿಗೂ ಒಂದೊಂದು. ಅದಕ್ಕೇ ಗುಂಡಿನ ಮಳೆ ಜಾಸ್ತಿಯಾದಾಗ ಎಲ್ಲ ಪಟಪಟ ಮಿನುಗುತ್ತಿತ್ತು. ನಾವು ಟಿವಿಗೆ ಒಂದು ಏಟು ಕೊಡುತ್ತಿದ್ದೆವು. ತಪ್ಪು ಟಿವಿಯದಲ್ಲ. ಯಾವ ತುಂಡೂ ಪೂರ್ತಿ ಕಾಣದೆ ಹೋಗಬಾರದು ಅಂತ ಪ್ರೋಗ್ರಾಂ ಸರದಿಯ ಮೇಲೆ ಒಂದನ್ನು ಬಿಟ್ಟು ಒಂದನ್ನು ತೋರಿಸುತ್ತಿತ್ತು, ಅಷ್ಟೇ. ಇಷ್ಟು ಬಡತನದಲ್ಲಿ ಹೀರೋ ಮುಖಕ್ಕೆ ಸಿಗುವುದು ಬೆರಳೆಣಿಕೆಯ ಚುಕ್ಕೆಗಳು. ಅವು ಅರ್ನಾಲ್ಡ್ ಕೂಡ ಆಗಬಹುದು, ನಮ್ಮ ಟೈಗರ್ ಪ್ರಭಾಕರ್ ಕೂಡ ಆಗಬಹುದು.

ಹಾಗಾದರೆ ಸಿನಿಮಾ ಹೆಸರಲ್ಲಿ ಆಟ ಮಾಡುವ ಹಕ್ಕಿಗೆ, ಅಂದರೆ ಲೈಸೆನ್ಸ್‌ಗೆ, ದುಡ್ಡು ಸುರಿದವರಿಗೆ ಸಿಕ್ಕಿದ್ದು ನಿಜವಾಗಿ ಏನು ಅನ್ನುವ ಪ್ರಶ್ನೆ ಇಲ್ಲಿಂದಲೇ ಏಳುತ್ತದೆ. ನನ್ನ ಪ್ರಕಾರ ಅವರಿಗೆ ಸಿಕ್ಕಿದ್ದು ಡಬ್ಬ. ಒಳಗಿನ ಆಟ ತನ್ನದೇ ನಿಯಮದಿಂದ ಬದುಕಬೇಕಿತ್ತು.

ಸ್ವಲ್ಪ ಹಿಂದಕ್ಕೆ ಹೋಗೋಣ. ಓಡುತ್ತಾ ಹೊಡೆಯುವ ಆಟಕ್ಕೆ ಇಂಗ್ಲಿಷಿನವರು ರನ್ ಅಂಡ್ ಗನ್ ಅನ್ನುತ್ತಾರೆ. ಕ್ಯಾಪ್‌ಕಾಮ್ ಕಂಪನಿಯ 'ಕಮಾಂಡೊ' ಆಟ 1985ರಲ್ಲಿ ಆ ದಾರಿಯನ್ನು ಅಗಲ ಮಾಡಿತು. ಅದೇ ವರ್ಷ ಅರ್ನಾಲ್ಡ್‌ನ 'ಕಮಾಂಡೊ' ಸಿನಿಮಾ ಕೂಡ ಬಂತು. ಆಟ ಮೊದಲು, ಸಿನಿಮಾ ಆಮೇಲೆ. ಒಂದಕ್ಕೊಂದು ಸಂಬಂಧವಿಲ್ಲ.

ಸಂಬಂಧ ಬೆಳೆಸಲು ಹೋಗಿ ಕೈಸುಟ್ಟುಕೊಂಡದ್ದು ಎಸ್‌ಎನ್‌ಕೆ ಅನ್ನುವ ಇನ್ನೊಂದು ಜಪಾನಿ ಕಂಪನಿ. 1985ರ 'ರ‍್ಯಾಂಬೊ' ಎರಡನೇ ಭಾಗ ನೋಡಿ ಅದರ ಮೇಲೇ ಆಟ ಮಾಡಲು ಹೊರಟಿತ್ತು. ಹಕ್ಕು ಸಿಗಲಿಲ್ಲ. ಆಟ ಅರ್ಧ ಆಗಿಹೋಗಿತ್ತು, ಬಿಡುವುದು ಹೇಗೆ? ಜಪಾನಿನಲ್ಲಿ ಆ ಸಿನಿಮಾದ ಹೆಸರಿನಲ್ಲಿ 'ಇಕಾರಿ' ಅನ್ನುವ ಪದವಿತ್ತು. ಇಕಾರಿ ಅಂದರೆ ಸಿಟ್ಟು. ರ‍್ಯಾಂಬೊನನ್ನು ಕೈಬಿಟ್ಟು ಅವನ ಸಿಟ್ಟನ್ನು ಇಟ್ಟುಕೊಂಡರು. 1986ರಲ್ಲಿ ಆಟ 'ಇಕಾರಿ' ಅಂತಲೇ ಬಂತು, ಹೊರದೇಶಗಳಲ್ಲಿ 'ಇಕಾರಿ ವಾರಿಯರ್ಸ್'. ಹಣೆಪಟ್ಟಿ, ಬರಿ ಮೈ, ಹೆಗಲ ಮೇಲೆ ಗನ್, ಎಲ್ಲ ಹಾಗೇ ಉಳಿಯಿತು. ಅದರ ಇಬ್ಬರು ಹೀರೋಗಳಾದ ರಾಲ್ಫ್ ಮತ್ತು ಕ್ಲಾರ್ಕ್ ಆಮೇಲೆ 'ಕಿಂಗ್ ಆಫ್ ಫೈಟರ್ಸ್' ಎಂಬ ಹೊಡೆದಾಟದ ಆಟಗಳ ಸರಣಿ ಸೇರಿಕೊಂಡು ಇವತ್ತಿಗೂ ಬದುಕಿದ್ದಾರೆ.

ಹಕ್ಕು ಸಿಕ್ಕವರ ಕಥೆ ಕೇಳಿ. ಪ್ಯಾಕ್-ಇನ್-ವಿಡಿಯೊ ಎಂಬ ಕಂಪನಿ 1987ರಲ್ಲಿ ನಿಂಟೆಂಡೊಗೆ ಅಧಿಕೃತ 'ರ‍್ಯಾಂಬೊ' ತಂದಿತು. ಶುರುವಿನಲ್ಲೇ ಹೀರೋನ ಹಳೇ ಮೇಲಧಿಕಾರಿ ಕರ್ನಲ್ ಟ್ರೌಟ್‌ಮನ್ ಬಂದು ಕೆಲಸ ಒಪ್ಪಿಕೊಳ್ತೀಯಾ ಅಂತ ಕೇಳುತ್ತಾನೆ. ಹೂಂ ಅನ್ನುವ ತನಕ ಆಟ ಮುಂದೆ ಹೋಗುವುದಿಲ್ಲ. ಆಮೇಲೆ ಕಾಡಿನಲ್ಲಿ ದಾರಿ ತಪ್ಪಿ ಅಲೆಯುತ್ತಾ ಹಾವಿಗೂ ಹಕ್ಕಿಗೂ ಚಾಕು ಬೀಸುವುದು. ಅದೇ ಕಂಪನಿ 1988ರಲ್ಲಿ 'ಪ್ರಿಡೇಟರ್' ಮಾಡಿತು. ಅದರಲ್ಲಿ ಅರ್ನಾಲ್ಡ್ ಪಾತ್ರಕ್ಕೆ ಗುಲಾಬಿ ಬಣ್ಣದ ಬಟ್ಟೆ! ಕಾಡಿನಲ್ಲಿ ಅಡಗಿ ಕೂರಬೇಕಾದ ಸೈನಿಕ ಮದುವೆ ಮನೆಯ ಬಲೂನಿನ ಹಾಗೆ ಎದ್ದು ಕಾಣುತ್ತಾನೆ. ಹೆಸರು ಇಲ್ಲದ 'ಕಾಂಟ್ರಾ'ದ ಡಬ್ಬದ ಮೇಲಾದರೂ ಅರ್ನಾಲ್ಡ್ ಇದ್ದ, ಹೆಸರು ಇದ್ದ 'ಪ್ರಿಡೇಟರ್'ನಲ್ಲಿ ಕಾಣಲೇ ಇಲ್ಲ.

ಮಾಡುವವರು ದಡ್ಡರಾಗಿರಲಿಲ್ಲ. ಸಮಯದ ಕಾಟ. ಸಿನಿಮಾ ಬಿಡುಗಡೆಯ ದಿನ ಮೊದಲೇ ನಿಗದಿ. ಕ್ಯಾಸೆಟ್ ಅಂದರೆ ಚಿಪ್ ಇರುವ ವಸ್ತು, ಕಾರ್ಖಾನೆಯಿಂದ ಅಂಗಡಿಗೆ ಬರಲು ತಿಂಗಳುಗಳೇ ಬೇಕು. ಹಾಗಾಗಿ ಸಿನಿಮಾ ಮುಗಿಯುವ ಮೊದಲೇ ಆಟ ಮುಗಿಯಬೇಕು. ಕೈಯಲ್ಲಿ ಸ್ಕ್ರಿಪ್ಟ್ ಇದ್ದರೆ ಪುಣ್ಯ, ನಾಲ್ಕು ಫೋಟೋ ಇದ್ದರೆ ದೊಡ್ಡ ಪುಣ್ಯ. ಈ ಅವಸರದ ಅತಿ ದೊಡ್ಡ ಉದಾಹರಣೆ 1982ರ 'ಇ.ಟಿ.'. ಅಟಾರಿ ಕಂಪನಿ ಹಕ್ಕಿಗಾಗಿ ಎರಡು ಕೋಟಿ ಡಾಲರ್‌ಗೂ ಮಿಗಿಲು ಕೊಟ್ಟಿತು. ಕ್ರಿಸ್ಮಸ್‌ಗೆ ಮಾರಬೇಕಲ್ಲ, ಹೋವರ್ಡ್ ಸ್ಕಾಟ್ ವಾರ್ಷಾ ಎಂಬ ಒಬ್ಬನೇ ಪ್ರೋಗ್ರಾಮರ್‌ಗೆ ಸಿಕ್ಕಿದ್ದು ಸುಮಾರು ಐದು ವಾರ. ಮಾರಾಟವಾಗದೆ ಉಳಿದ ಕ್ಯಾಸೆಟ್‌ಗಳಲ್ಲಿ ಒಂದಷ್ಟನ್ನು 1983ರಲ್ಲಿ ನ್ಯೂ ಮೆಕ್ಸಿಕೊದ ಆಲಮೊಗಾರ್ಡೊದ ಕಸದ ಗುಂಡಿಗೆ ಹಾಕಿ ಮುಚ್ಚಿದರು. 2014ರಲ್ಲಿ ಅಗೆದಾಗ ನಿಜಕ್ಕೂ ಸಿಕ್ಕವು.

ಇಷ್ಟಾದರೂ ಸಿನಿಮಾ ಹೆಸರಿನ ಆಸೆ ಯಾಕೆ ಬಿಡಲಿಲ್ಲ? ಅಮೆರಿಕದಲ್ಲಿ ನಿಂಟೆಂಡೊ ಒಂದು ಕಟ್ಟುಪಾಡು ಹಾಕಿತ್ತು: ಒಂದು ಕಂಪನಿ ವರ್ಷಕ್ಕೆ ಐದೇ ಆಟ ತರಬಹುದು. ಕ್ಯಾಸೆಟ್‌ಗಳನ್ನು ನಿಂಟೆಂಡೊ ಕೈಯಲ್ಲೇ ಮಾಡಿಸಬೇಕು. ಮಾರಾಟವಾಗದೆ ಉಳಿದರೆ ನಷ್ಟ ನಿಮ್ಮದು. ಅಂಥಲ್ಲಿ ಜನ ಆಗಲೇ ಪೋಸ್ಟರ್ ನೋಡಿರುವ ಹೆಸರು ಸುರಕ್ಷಿತ ಅನ್ನಿಸುವುದು ಸಹಜ. ಇನ್ನು ಆ ಹೆಸರಿನ ಒಳಗೆ ಯಾವ ಆಟ ತುಂಬುವುದು? ಓಡು, ಹಾರು, ಹೊಡಿ. ಆ್ಯಕ್ಷನ್ ಸಿನಿಮಾದ ಯಾವ ಸ್ಕ್ರಿಪ್ಟ್‌ಗೂ ಅದು ಹೇಗೋ ಹೊಂದುತ್ತದೆ.

ಚೆನ್ನಾಗಿ ಹೊಂದಿದ್ದು 'ರೋಬೋಕಾಪ್'ಗೆ. ಸಿನಿಮಾ ಇನ್ನೂ ಸ್ಕ್ರಿಪ್ಟ್ ಹಂತದಲ್ಲಿದ್ದಾಗಲೇ ಓಷನ್ ಹಕ್ಕು ಕೊಂಡಿತ್ತು. ಆರ್ಕೇಡ್ ಆಟ ಮಾಡುವ ಅವಕಾಶವನ್ನು ಜಪಾನಿನ ಡೇಟಾ ಈಸ್ಟ್‌ಗೆ ಕೊಟ್ಟಿತು. ಇಂಗ್ಲೆಂಡಿನ ಕಂಪನಿ ಜಪಾನಿನವರಿಗೆ ಹಾಲಿವುಡ್ ಹಕ್ಕು ಮಾರುವುದು ಆ ಕಾಲಕ್ಕೆ ಅಪರೂಪ. 1988ರಲ್ಲಿ ಆಟ ಬಂತು, ಓಡಿತು. ಈ ಸಿನಿಮಾ ಯಾಕೆ ಒಗ್ಗಿತು ಅಂದರೆ ಹೀರೋ ಅರ್ಧ ಯಂತ್ರ. ಬಿಗಿಯಾಗಿ ನಡೆಯುತ್ತಾನೆ, ನಿಲ್ಲುತ್ತಾನೆ, ಹೊಡೆಯುತ್ತಾನೆ. ನಿಂಟೆಂಡೊ ಆವೃತ್ತಿಯಲ್ಲಂತೂ ಅವನು ಹಾರುವುದೇ ಇಲ್ಲ. ಬೇರೆ ಆಟದಲ್ಲಿ ಇದು ಬೈಗುಳ ತಿನ್ನುವ ದೋಷ. ಇಲ್ಲಿ ಅದು ಪಾತ್ರದ ಗುಣ. ಕೈಯಲ್ಲಿ ಹಿಡಿದು ಆಡುವ ಗೇಮ್‌ಬಾಯ್ ಯಂತ್ರಕ್ಕೆ ಬಂದ ಇದರದೇ ಆವೃತ್ತಿಗೆ ಜೊನಾಥನ್ ಡನ್ ಮಾಡಿದ ಟೈಟಲ್ ಸಂಗೀತ ಎಷ್ಟು ಇಂಪಾಗಿದೆ ಅಂದರೆ, ಬ್ರಿಟನ್ನಿನಲ್ಲಿ ಅರಿಸ್ಟನ್ ಎಂಬ ಗೃಹೋಪಯೋಗಿ ಬ್ರ್ಯಾಂಡ್ ಅದನ್ನು ಟಿವಿ ಜಾಹೀರಾತಿಗೆ ಹಾಕಿಕೊಂಡಿತು. ಡೆಟ್ರಾಯ್ಟ್‌ನ ಲೋಹದ ಪೊಲೀಸನ ಹಾಡಿಗೆ ಮನೆಸಾಮಾನು ಮಾರಾಟ!

ಈಗ ನನಗೆ ಇಷ್ಟದ ವಿಚಿತ್ರಕ್ಕೆ ಬರುತ್ತೇನೆ. 1992ರ ಮೇ ತಿಂಗಳಲ್ಲಿ 'ಏಲಿಯನ್ 3' ತೆರೆಗೆ ಬಂತು. ಡೇವಿಡ್ ಫಿಂಚರ್‌ನ ಮೊದಲ ಸಿನಿಮಾ. ದೂರದ ಗ್ರಹದಲ್ಲೊಂದು ಕೈದಿಗಳ ವಸಾಹತು. ಅಲ್ಲಿಗೆ ಸರಣಿಯ ನಾಯಕಿ ರಿಪ್ಲಿ ಬಂದು ಬೀಳುತ್ತಾಳೆ. ಜೊತೆಗೆ ಒಂದು ಏಲಿಯನ್. ಒಂದೇ ಒಂದು. ಮತ್ತು ಆ ಜಾಗದಲ್ಲಿ ಕೈದಿಗಳ ಬಳಿ ಆಯುಧವೇ ಇಲ್ಲ. ಬಂದೂಕು ಇಲ್ಲ ಅನ್ನುವುದೇ ಕಥೆಯ ಭಯ.

ಇದರ ಮೇಲೆ ಆಟ ಮಾಡುವ ಹಕ್ಕು ಅಕ್ಲೇಮ್ ಕಂಪನಿಯದು. ಮಾಡಿದವರು ಇಂಗ್ಲೆಂಡಿನ ಪ್ರೋಬ್. ಸೆಗಾ ಕಂಪನಿಯ ಮೆಗಾ ಡ್ರೈವ್ ಕನ್ಸೋಲ್‌ಗೆ 1992ರಲ್ಲಿ ಬಂದ ಆ ಕ್ಯಾಸೆಟ್ ಹಾಕಿ ಸ್ಟಾರ್ಟ್ ಒತ್ತಿದರೆ ರಿಪ್ಲಿಯ ಕೈಯಲ್ಲಿ ಮೆಷಿನ್ ಗನ್. ಒಂದು ಬಟನ್ ಒತ್ತಿದರೆ ಬೆಂಕಿ ಉಗುಳುವ ಗನ್. ಇನ್ನೊಮ್ಮೆ ಒತ್ತಿದರೆ ಗ್ರೆನೇಡ್ ಲಾಂಚರ್. ಕೈಬಾಂಬು ಬೇರೆ. ಏಲಿಯನ್‌ಗಳು ಇರುವೆಗಳ ಹಾಗೆ ನೆಲ, ಗೋಡೆ, ಸೂರು ಎಲ್ಲ ಕಡೆಯಿಂದ ಬರುತ್ತವೆ. ಹೆಸರು ಮೂರನೇ ಸಿನಿಮಾದ್ದು, ಬಂದೂಕು ಎರಡನೇ ಸಿನಿಮಾ 'ಏಲಿಯನ್ಸ್'ನದ್ದು.

ಮೋಸ ಅನ್ನಬಹುದು. ನಾನು ಅನ್ನುವುದಿಲ್ಲ. ಯಾಕೆಂದರೆ ಮಾಡಿದವರು ಬಂದೂಕು ಕೊಟ್ಟು ಇನ್ನೊಂದನ್ನು ಕಿತ್ತುಕೊಂಡಿದ್ದಾರೆ: ಸಮಯವನ್ನು. ಹೆಚ್ಚಿನ ಸ್ಟೇಜ್‌ಗಳಲ್ಲಿ ಗೋಡೆಗೆ ಅಂಟಿಸಿದ ಕೈದಿಗಳಿರುತ್ತಾರೆ. ಗಡಿಯಾರ ಮುಗಿಯುವುದರೊಳಗೆ ಎಲ್ಲರನ್ನೂ ಬಿಡಿಸಿ ಬಾಗಿಲು ತಲುಪಬೇಕು. ಏಣಿ, ಕೊಳವೆ, ಸುರಂಗ, ಯಾವ ದಾರಿ ಎಲ್ಲಿಗೆ ಹೋಗುತ್ತದೆ ಅಂತ ಮೊದಲ ಸಲ ಗೊತ್ತಾಗುವುದೇ ಇಲ್ಲ. ಒಬ್ಬ ಉಳಿದುಬಿಟ್ಟಿದ್ದಾನೆ, ಅವನು ಮೇಲೋ ಕೆಳಗೋ ಗೊತ್ತಿಲ್ಲ, ಗಡಿಯಾರ ಇಳಿಯುತ್ತಿದೆ. ಸಮಯ ಮುಗಿದರೆ ಸುಮ್ನೆ 'ಗೇಮ್ ಓವರ್' ಬರುವುದಿಲ್ಲ. ನೀವು ಬಿಡಿಸದೆ ಹೋದ ಕೈದಿಗಳನ್ನು ಆಟ ನಿಮಗೆ ತೋರಿಸುತ್ತದೆ. ಎದೆ ಸೀಳಿಕೊಂಡು ಮರಿ ಏಲಿಯನ್ ಹೊರಗೆ ಬರುವುದನ್ನು ನೋಡಬೇಕು. ಸಿನಿಮಾದ ಭಯವನ್ನು ಬೇರೆ ಬಾಗಿಲಿಂದ ಒಳಗೆ ತಂದರು ಅಂತಲೇ ನನಗೆ ಅನ್ನಿಸುವುದು.

ಅದೇ ಲೈಸೆನ್ಸ್‌ನಲ್ಲಿ ಸೂಪರ್ ನಿಂಟೆಂಡೊಗೆ 1993ರಲ್ಲಿ ಬಂದದ್ದು ಬೇರೆಯದೇ ಆಟ. ಕಂಪ್ಯೂಟರ್ ಟರ್ಮಿನಲ್‌ಗೆ ಹೋಗಿ ಕೆಲಸ ತಗೊಳ್ಳುವುದು, ಮುಗಿಸಿ ಬರುವುದು. ಗೇಮ್‌ಬಾಯ್‌ಗೆ ಬಂದದ್ದು ಮೇಲಿನಿಂದ ನೋಡುವ ಮೂರನೇ ತರಹದ ಆಟ. ಒಂದೇ ಪೋಸ್ಟರ್, ಒಳಗೆ ಮೂರು ತರಹದ ಊಟ.

ಈ ನಡುವೆ 'ಕಾಂಟ್ರಾ' ಏನಾಯಿತು ಅಂದರೆ, ಯುರೋಪಿಗೆ ಹೋದಾಗ ಮನುಷ್ಯರನ್ನೇ ಕಳೆದುಕೊಂಡಿತು. ಜರ್ಮನಿಯಲ್ಲಿ ಮಕ್ಕಳ ಕೈಗೆ ಹಿಂಸೆಯ ಆಟ ಸಿಗದಂತೆ ಬಿಗಿ ನಿಯಮಗಳಿದ್ದವು. ಅದಕ್ಕೆ ಕೊನಾಮಿ 1990ರ ನಿಂಟೆಂಡೊ ಆವೃತ್ತಿಯಲ್ಲಿ ಬಿಲ್, ಲ್ಯಾನ್ಸ್ ಇಬ್ಬರನ್ನೂ ರೋಬೋಟ್ ಮಾಡಿ, ಎದುರಾಳಿ ಸೈನಿಕರನ್ನೂ ರೋಬೋಟ್ ಮಾಡಿ 'ಪ್ರೊಬೋಟೆಕ್ಟರ್' ಅಂತ ಹೆಸರಿಟ್ಟಿತು. ಸಿನಿಮಾದಿಂದ ಕದ್ದ ಹೀರೋಗಳು ಸೆನ್ಸಾರ್‌ಗೆ ಹೋದರು, ಆಟ ಮಾತ್ರ ಅಷ್ಟೇ ಮಜವಾಗಿ ಉಳಿಯಿತು.

ನಂತರ ಕನ್ಸೋಲ್‌ಗಳು ಮೂರು ಆಯಾಮಕ್ಕೆ ಹೋದವು, ಅಡ್ಡಕ್ಕೆ ಓಡುವ ಆಟಗಳು ಮೂಲೆ ಸೇರಿದವು. ಅವಸರ ಬಿಟ್ಟವರಿಗೆ ಫಲವೂ ಸಿಕ್ಕಿತು: 1995ರ ಜೇಮ್ಸ್ ಬಾಂಡ್ ಸಿನಿಮಾ 'ಗೋಲ್ಡನ್‌ಐ'ನ ಆಟ ಬಂದದ್ದು 1997ರಲ್ಲಿ, ಅದನ್ನು ಜನ ಇನ್ನೂ ಮರೆತಿಲ್ಲ. ಈಗ ಹಳೇ ಶೈಲಿಗೆ ಮತ್ತೆ ಗಿರಾಕಿ ಇದ್ದಾರೆ. 1991ರ 'ಟರ್ಮಿನೇಟರ್ 2' ಮೇಲೆ ಹಳೇ ಚುಕ್ಕೆ ಚಿತ್ರದ ಓಡು-ಹೊಡಿ ಆಟ ಮಾಡುತ್ತಿದ್ದೇವೆ ಅಂತ ಇಂಗ್ಲೆಂಡಿನ ಬಿಟ್‌ಮ್ಯಾಪ್ ಬ್ಯೂರೊ 2025ರಲ್ಲಿ ಘೋಷಿಸಿತು. ಸಿನಿಮಾ ಬಂದು ಮೂವತ್ತು ವರ್ಷ ದಾಟಿದ ಮೇಲೆ! ಸ್ಕ್ರಿಪ್ಟ್‌ಗಾಗಿ ಕಾಯುವ ಕಷ್ಟವಂತೂ ಇರಲಿಲ್ಲ.

'ಏಲಿಯನ್ 3' ಆಟ ನನಗೆ ಸಿಕ್ಕಿದ್ದು ಹಾಸ್ಟೆಲ್‌ನಲ್ಲಿ, ಯಾರದೋ ಕಂಪ್ಯೂಟರ್‌ನ ಎಮ್ಯುಲೇಟರ್‌ನಲ್ಲಿ (ಹಳೇ ಕನ್ಸೋಲ್‌ನ ವೇಷ ಹಾಕುವ ಪ್ರೋಗ್ರಾಂ). ಸಿನಿಮಾ ನೋಡಿದ್ದು ಆಮೇಲೆ. ರಿಪ್ಲಿ ಈಗ ಗನ್ ಎತ್ತುತ್ತಾಳೆ, ಈಗ ಎತ್ತುತ್ತಾಳೆ ಅಂತ ಎರಡು ಗಂಟೆ ಕಾದೆ. ಎತ್ತಲೇ ಇಲ್ಲ. ಪಕ್ಕದ ಮಂಚದಲ್ಲಿ ಮಲಗಿದ್ದ ರೂಮ್‌ಮೇಟ್, ನನಗಿಂತ ಮುಂದಿನ ಸ್ಟೇಜ್ ಮುಟ್ಟಿದ್ದವನು, ಕೊನೆಯ ಟೈಟಲ್ ಬರುವಾಗ ಕೇಳಿದ:

"ಎಷ್ಟು ಕೈದಿಗಳನ್ನ ಬಿಡಿಸಿದ್ಲೋ?"

"ಒಬ್ಬ ಉಳಿದ" ಅಂದೆ.

"ಥೂ, ಅಷ್ಟೇನಾ" ಅಂತ ಮಗ್ಗುಲು ಬದಲಿಸಿದ.