ನಿಮಗೇನು ಬೇಕು ಅಂತ ಕೇಳಿದರೆ

ಬಿ.ಎಡ್. ಓದಿದವರಿಗೆ, ಟಿಇಟಿಗೆ ತಯಾರಿ ಮಾಡಿದವರಿಗೆ, ಎಂಬಿಎ ಕ್ಲಾಸಿನಲ್ಲಿ ಕೂತವರಿಗೆ ಅಮೆರಿಕದ ಮನಶ್ಶಾಸ್ತ್ರಜ್ಞ ಮ್ಯಾಸ್ಲೊ ಗೊತ್ತೇ ಇರುತ್ತಾರೆ. ಮನುಷ್ಯನ ಅಗತ್ಯಗಳನ್ನು ಒಂದರ ಮೇಲೊಂದು ಜೋಡಿಸಿದ ಐದು ಹಂತದ ಪಿರಮಿಡ್. ಕೆಳಗೆ ಅನ್ನ, ನೀರು, ನಿದ್ದೆ. ಅದರ ಮೇಲೆ ಭದ್ರತೆ, ಆಮೇಲೆ ಪ್ರೀತಿ, ಆಮೇಲೆ ಗೌರವ. ತುದಿಯಲ್ಲಿ, ತನ್ನೊಳಗಿನ ಶಕ್ತಿಯನ್ನೆಲ್ಲ ಹೊರತಂದ ಒಬ್ಬ ಮನುಷ್ಯ. ಆ ಚಿತ್ರ ನೋಡಿದಾಗೆಲ್ಲ ನನಗೆ ಒಂದೇ ಪ್ರಶ್ನೆ: ಇವನ ಮನೆಯವರು ಎಲ್ಲಿ?

ಅಬ್ರಹಾಂ ಮ್ಯಾಸ್ಲೊ ಈ ಸಿದ್ಧಾಂತ ಬರೆದದ್ದು 1943ರಲ್ಲಿ. ಆ ಲೇಖನದಲ್ಲಿ ಪಿರಮಿಡ್ಡೇ ಇಲ್ಲ. ಅದು ಆಮೇಲೆ ಮ್ಯಾನೇಜ್‌ಮೆಂಟ್ ಪಾಠ ಹೇಳುವವರ ಕೈಯಲ್ಲಿ ಹುಟ್ಟಿದ್ದು. ಹಂತಗಳ ಕ್ರಮ ಅಷ್ಟೇನೂ ಬಿಗಿಯಲ್ಲ ಎಂದು ಮ್ಯಾಸ್ಲೊ ಅವರೇ ಹೇಳಿದ್ದರು. ಹಾಗಾಗಿ ಎಲ್ಲವನ್ನೂ ಅವರ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಬೇಕು-ಬೇಡಗಳೆಲ್ಲ ಒಬ್ಬೊಬ್ಬರ ಒಳಗೆ ಬೇರೆ ಬೇರೆಯಾಗಿ ಕೂತಿರುತ್ತವೆ ಎಂಬ ನಂಬಿಕೆ ಆ ಬರಹದಲ್ಲೂ ಇದೆ, ನಮ್ಮ ಕೌನ್ಸೆಲಿಂಗ್ ತರಬೇತಿಯಲ್ಲೂ ಇದೆ.

ಕೂಸನ್ನೇ ನೋಡಿ. ಹಾಲು ಮೊದಲ ಹಂತ, ಪ್ರೀತಿ ಮೂರನೆಯದು ಅಂತೀವಿ. ಯಾರೋ ಎತ್ತಿಕೊಳ್ಳದೆ ಕೂಸಿಗೆ ಹಾಲು ಸಿಗುವುದಾದರೂ ಹೇಗೆ? ತಮಾಷೆ ಅಂದ್ರೆ, ಮ್ಯಾಸ್ಲೊ ಪಿಎಚ್‌ಡಿ ಮಾಡಿದ್ದು ಹ್ಯಾರಿ ಹಾರ್ಲೋ ಅವರ ಬಳಿ. ಇದೇ ಹಾರ್ಲೋ 1950ರ ದಶಕದಲ್ಲಿ ಕೋತಿಮರಿಗಳನ್ನು ತಾಯಿಯಿಂದ ಬೇರೆ ಮಾಡಿ, ತಂತಿಯದೊಂದು, ಬಟ್ಟೆಯದೊಂದು ಗೊಂಬೆತಾಯಿ ಕೊಟ್ಟರು. ಇಂದು ನೆನೆದರೆ ಕ್ರೂರ ಪ್ರಯೋಗ. ಹಾಲಿನ ಬಾಟಲಿ ತಂತಿಯ ಗೊಂಬೆಯಲ್ಲಿದ್ದರೂ ಮರಿಗಳು ದಿನದ ಹೆಚ್ಚಿನ ಹೊತ್ತು ಬಟ್ಟೆಯ ಗೊಂಬೆಯನ್ನೇ ಅಪ್ಪಿಕೊಂಡಿದ್ದವು. ಶಿಷ್ಯ ಜೋಡಿಸಿಟ್ಟ ಕ್ರಮ ಗುರುವಿನ ಪ್ರಯೋಗಶಾಲೆಯಲ್ಲೇ ಅಲ್ಲಾಡಿತು.

1938ರಲ್ಲಿ ಮ್ಯಾಸ್ಲೊ ಕೆನಡಾದ ಆಲ್ಬರ್ಟಾದಲ್ಲಿರುವ ಸಿಕ್ಸಿಕಾ ಮೂಲನಿವಾಸಿಗಳ ಜೊತೆ ಕೆಲ ಕಾಲ ಇದ್ದರು. ಅಲ್ಲಿ ಗೌರವ ಸಿಗುತ್ತಿದ್ದದ್ದು ಕೂಡಿಟ್ಟವನಿಗಲ್ಲ, ಹೆಚ್ಚು ಹಂಚಿದವನಿಗೆ. ಮ್ಯಾಸ್ಲೊ ಪಿರಮಿಡ್ಡಿನ ಆಕಾರವನ್ನು ಸಿಕ್ಸಿಕಾ ಜನರ ಡೇರೆಯಿಂದ ಕದ್ದರು ಎಂಬ ಕಥೆ ವಾಟ್ಸಾಪಿನಲ್ಲಿ ಬಂದರೆ ನಂಬಬೇಡಿ. ಮ್ಯಾಸ್ಲೊ ಬಿಡಿಸದೇ ಇದ್ದ ಚಿತ್ರವನ್ನು ಅವರು ಕದಿಯುವುದೆಲ್ಲಿಂದ ಬಂತು? ಆದರೆ ಕಣ್ಣಾರೆ ಕಂಡ ಆ ಹಂಚುವ ಬದುಕು ಅವರ ಸಿದ್ಧಾಂತಕ್ಕೆ ಅಷ್ಟಾಗಿ ಇಳಿಯಲಿಲ್ಲ. ನನ್ನ ತಕರಾರು ಇರುವುದು ಅಲ್ಲಿ.

ನನ್ನ ಕೌನ್ಸೆಲಿಂಗ್ ಕೋಣೆಗೆ ಬರುವವರಲ್ಲಿ ಐವತ್ತರ ಆಸುಪಾಸಿನ ಹೆಂಗಸರು ಜಾಸ್ತಿ. ನಿದ್ದೆ ಇಲ್ಲ, ಎದೆ ಭಾರ, ಇಸಿಜಿ ನಾರ್ಮಲ್. ಹಲವರ ಮಾತನ್ನು ಸೇರಿಸಿ ಹೇಳುತ್ತಿದ್ದೇನೆ. 'ನಿಮಗೇನು ಬೇಕು?' ಅಂದರೆ, 'ನಂಗೇನ್ ಬೇಕು ಮೇಡಂ, ಮಗಳಿಗೊಂದು ನೆಲೆ ಆದ್ರೆ ಸಾಕು' ಅನ್ನುತ್ತಾರೆ. 'ಅದು ಮಗಳ ವಿಷಯ, ನಿಮ್ಮದು ಹೇಳಿ' ಅಂತ ಒತ್ತಿದರೆ ಸುಮ್ಮನಾಗುತ್ತಾರೆ. ತನ್ನ ಬಗ್ಗೆ ಯೋಚಿಸಲು ಬಾರದವಳು ಅಂತ ಇವರನ್ನು ಪುಸ್ತಕದ ಲೆಕ್ಕದಲ್ಲಿ ಬರೆದುಬಿಡಬಹುದು. ನಾನು ಹಾಗೆ ಬರೆಯುವುದಿಲ್ಲ. ಮಗಳ ನೆಲೆ ನಿಜವಾಗಿಯೂ ಅವರದೇ ಅಗತ್ಯ. ಅದನ್ನು ಕಿತ್ತು ಪಕ್ಕಕ್ಕಿಟ್ಟರೆ ಉಳಿಯುವ 'ನಾನು' ಅವರಿಗೆ ಪರಿಚಯವೇ ಇಲ್ಲ.

ಹಾಗಂತ 'ನಮ್ಮ ಸಂಸ್ಕೃತಿಯಲ್ಲಿ ನಾನು ಎಂಬುದೇ ಇಲ್ಲ' ಎಂದು ಬೀಗುವವರ ಜೊತೆಗೂ ನಾನಿಲ್ಲ. ಅಡ್ಜಸ್ಟ್ ಮಾಡ್ಕೋ ಅನ್ನುವ ಮಾತು ಮನೆಯಲ್ಲಿ ಯಾರಿಗೆ ಹೇಳುತ್ತಾರೆ, ಗಮನಿಸಿ. ಸೊಸೆಗೆ, ದೊಡ್ಡ ಮಗಳಿಗೆ, ಕಡಿಮೆ ದುಡಿಯುವ ತಮ್ಮನಿಗೆ. ಎಲ್ಲರೂ ಒಂದೇ ಅನ್ನುವ ಮನೆಯಲ್ಲೂ ಮಧ್ಯಾಹ್ನ ಮಲಗುವವರು ಯಾರು, ತಣ್ಣಗಾದ ಸಾರು ಉಣ್ಣುವವರು ಯಾರು ಅನ್ನುವುದು ಬೇರೆಬೇರೆಯೇ. ಅಂಥ ಕಡೆ 'ನನಗೆ ಬೇಕು' ಅನ್ನುವುದು ಸ್ವಾರ್ಥ ಅಲ್ಲವೇ ಅಲ್ಲ.

ಈಗ ನಾನು ಕೇಳುವುದು ಬೇರೆ. ನೀವು ಎರಡು ದಿನ ಜ್ವರ ಬಂದು ಮಲಗಿದರೆ ಮನೆಯಲ್ಲಿ ಯಾವ ಕೆಲಸ ನಿಲ್ಲುತ್ತದೆ? ಅದನ್ನು ಯಾರು ಎತ್ತಿಕೊಳ್ಳುತ್ತಾರೆ? ನಿಮಗೆ ಗಂಜಿ ಕಾಯಿಸುವವರು ಯಾರು? ಕೊನೆಯ ಪ್ರಶ್ನೆಗೆ ಎಷ್ಟೋ ಜನ ಅತ್ತುಬಿಡುತ್ತಾರೆ. ಅಳು ನಿಂತ ಮೇಲೆ ಬರುವ ಬೇಡಿಕೆಗಳು ತೀರಾ ಸಣ್ಣವು: ಅತ್ತೆಯ ಮಾತ್ರೆ ಭಾನುವಾರವಾದರೂ ಮೈದುನ ನೋಡಿಕೊಳ್ಳಲಿ, ರಾತ್ರಿ ಊಟಕ್ಕೆ ಎಲ್ಲರೂ ಒಟ್ಟಿಗೆ ಕೂರಲಿ. ಇವು ಒಬ್ಬರ ಅಗತ್ಯವೋ ಮನೆಯ ಅಗತ್ಯವೋ ಅಂತ ಬಿಡಿಸಲು ನಾನು ಹೋಗುವುದಿಲ್ಲ. ಮುಂದಿನ ಸಲ ಮೈದುನನನ್ನೂ ಕರೆದುಕೊಂಡು ಬನ್ನಿ ಅನ್ನುತ್ತೇನೆ.

ಹಾಗೆ ಕರೆಯುವುದು ಹೊಸದೇನಲ್ಲ. 1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲಿ ಟೆಂಟ್ ಹಾಕಿಸಿ, ರೋಗಿಗಳ ಜೊತೆ ಮನೆಯವರನ್ನೂ ಉಳಿಸಿಕೊಂಡಿದ್ದರು. ನಮ್ಮ ನಿಮ್ಹಾನ್ಸ್‌ನಲ್ಲೂ ಕುಟುಂಬವನ್ನು ಕೂರಿಸಿಕೊಂಡು ಚಿಕಿತ್ಸೆ ಕೊಡುವ ಪದ್ಧತಿ ಹಳೆಯದು. ನಾನು ಸೇರಿಸುವುದು ಒಂದೇ ನಿಯಮ: ಮನೆಯವರು ಒಳಗೆ ಬರುವ ಮೊದಲು ಆಕೆಯೊಬ್ಬಳ ಜೊತೆ ಮಾತ್ರ ಅರ್ಧ ಗಂಟೆ ಮಾತು. ಯಾರನ್ನು ಕರೆಯಬೇಕು, ಯಾರು ಬೇಡ ಅನ್ನುವುದನ್ನು ಆಕೆಯೇ ಹೇಳಬೇಕು.