ಹೊಸ ಗಾಡಿ, ಹಳೇ ಕಾಲು

ಸಾವಿರ ಕಿಲೋಮೀಟರ್‌ ಆಸುಪಾಸಿನಲ್ಲಿ ಬರುವ ಮೊದಲ ಫ್ರೀ ಸರ್ವಿಸ್‌ನಲ್ಲಿ ನಮಗೆ ಕೆಲಸ ಕಡಿಮೆ, ಕಿವಿಗೆ ಕೆಲಸ ಜಾಸ್ತಿ. ಆಯಿಲ್, ಕೂಲಂಟ್ ಮಟ್ಟ ನೋಡಿ, ಕೆಳಗಿನ ಬೋಲ್ಟ್‌ಗಳನ್ನು ಒಮ್ಮೆ ಪರೀಕ್ಷಿಸಿ, ತೊಳೆದು ಕೊಟ್ಟರೆ ಮುಗಿಯಿತು. ಆದರೆ ಜಾಬ್ ಕಾರ್ಡ್‌ನಲ್ಲಿ ಗ್ರಾಹಕರ ದೂರು ಬರೆಯುವ ಜಾಗ ಈ ಸರ್ವಿಸ್‌ನಲ್ಲಿ ಸಾಲುವುದೇ ಇಲ್ಲ. ಹಾಸನದಲ್ಲಿ ಸರ್ವಿಸ್ ಅಡ್ವೈಸರ್ ಆಗಿ ಕೂತು ನಾನು ಬರೆದುಕೊಂಡ ದೂರುಗಳಲ್ಲಿ ಕಾಂಪ್ಯಾಕ್ಟ್ ಎಸ್‌ಯುವಿಗಳದ್ದೇ, ಅಂದರೆ ಉದ್ದ ಕಡಿಮೆ, ಎತ್ತರ ಜಾಸ್ತಿ ಇರುವ ಕಾರುಗಳದ್ದೇ, ದೊಡ್ಡ ಪಾಲು. ಗಾಡಿ ಕುಲುಕುತ್ತದೆ, ಪಿಕಪ್ ಇಲ್ಲ, ಮೈಲೇಜ್ ಬರುತ್ತಿಲ್ಲ, ಬ್ರೇಕ್ ಸೌಂಡ್, ಸುಮ್ನೆ ಸುಮ್ನೆ ಬೀಪ್ ಅನ್ನುತ್ತದೆ.

ಇವುಗಳಲ್ಲಿ ಮುಕ್ಕಾಲು ಪಾಲು ಗಾಡಿಯ ದೂರುಗಳೇ ಅಲ್ಲ. ಹೊಸ ಗಾಡಿ ಹತ್ತಿದವರು ಮೊದಲ ಕೆಲವು ವಾರ ಆ ಗಾಡಿಯನ್ನು ಓಡಿಸುವುದಿಲ್ಲ. ತಮ್ಮ ಹಳೇ ಗಾಡಿಯನ್ನೇ ಇದರೊಳಗೆ ಕೂತು ಓಡಿಸುತ್ತಾರೆ. ಕಾಲು, ಕೈ, ಕಣ್ಣು ಮೂರಕ್ಕೂ ಹಳೇ ಲೆಕ್ಕ. ಹಾಗಾಗಿ ಮೊದಲ ಅನುಭವ ಅಂತ ಅವರು ಹೇಳುವುದು ಎರಡು ಗಾಡಿಗಳ ನಡುವಿನ ವ್ಯತ್ಯಾಸವನ್ನು.

ಆ ವ್ಯತ್ಯಾಸ ಸಣ್ಣದೇನಲ್ಲ. ನಮ್ಮ ಕಡೆ ತುಂಬಾ ಜನ ಆಲ್ಟೋ 800ರಿಂದ ನೇರವಾಗಿ ನೆಕ್ಸಾನ್, ವೆನ್ಯೂ, ಬ್ರೆಝಾ ಥರದ ಗಾಡಿಗೆ ಬರುತ್ತಾರೆ. ಆಲ್ಟೋ ಸುಮಾರು ಮುಕ್ಕಾಲು ಟನ್ ತೂಕದ ಗಾಡಿ, 12 ಇಂಚಿನ ಚಕ್ರ, ಅಗಲ ಸುಮಾರು ಒಂದೂವರೆ ಮೀಟರ್. ಹೊಸದು ಒಂದು ಟನ್ ಮೀರಿದ್ದು, 15 ಇಲ್ಲವೇ 16 ಇಂಚಿನ ಚಕ್ರ, ಅಗಲ ಹೆಚ್ಚುಕಡಿಮೆ 1.8 ಮೀಟರ್. ಎಡಕ್ಕೆ ಅರ್ಧ ಗೇಣಿಗಿಂತ ಜಾಸ್ತಿ, ಬಲಕ್ಕೂ ಅಷ್ಟೇ ಬೆಳೆದಿದೆ. ಮನೆ ಗೇಟಿನ ಕಂಬಕ್ಕೆ ಇದು ಗೊತ್ತಿರುವುದಿಲ್ಲ.

ಹಿಂದೆ ಒಮ್ಮೆ ಹೈಸ್ಕೂಲ್ ಮೇಡಂ ಒಬ್ಬರು ಬಂದಿದ್ದರು. ಟರ್ಬೊ ಪೆಟ್ರೋಲ್, ಮ್ಯಾನುಯಲ್ ಗೇರ್. "ಗಾಡಿ ಚೆನ್ನಾಗಿದೆ ಸರ್. ಆದ್ರೆ ಕಾಲಿಟ್ರೆ ಹೋಗಲ್ಲ, ಹೋದ್ರೆ ನಿಲ್ಲಲ್ಲ. ಟ್ರಾಫಿಕ್‌ನಲ್ಲಿ ಎಗರಿ ಎಗರಿ ಹೋಗ್ತದೆ" ಅಂದರು. ಕ್ಲಚ್ ಹೋಗಿದೆ ಅಂತ ಪಕ್ಕದ ಮನೆಯವರು ಹೇಳಿದ್ದರಂತೆ. ಹೊಸ ಗಾಡಿ ಬಂದಾಗ ಪಕ್ಕದ ಮನೆಯವರೆಲ್ಲ ಮೆಕ್ಯಾನಿಕ್ಕೇ.

"ನೀವೇ ಓಡಿಸಿ ಮೇಡಂ, ನಾನು ಪಕ್ಕ ಕೂರ್ತೀನಿ" ಅಂದೆ. ಅವರು ಹತ್ತಿ ಕೂತ ತಕ್ಷಣ ಕಾರಣ ಕಣ್ಣಿಗೆ ಬಿತ್ತು. ಸೀಟಿನ ಎತ್ತರವನ್ನು ಪೂರ್ತಿ ಮೇಲಕ್ಕೆ ಏರಿಸಿದ್ದರು. ಬಾನೆಟ್ ಪೂರ್ತಿ ಕಾಣಲಿ ಅಂತ ಎಲ್ಲರೂ ಮಾಡುವ ಕೆಲಸ ಇದು. ಹಾಗೆ ಕೂತಾಗ ಎಡಗಾಲಿನ ಹಿಮ್ಮಡಿ ನೆಲ ಮುಟ್ಟದೆ ಗಾಳಿಯಲ್ಲಿ ನೇತಾಡುತ್ತಿತ್ತು. ಹಿಮ್ಮಡಿಗೆ ಊರುಗೋಲಿಲ್ಲದಿದ್ದರೆ ಕ್ಲಚ್ಚನ್ನು ತೊಡೆಯಿಂದ ಬಿಡಬೇಕಾಗುತ್ತದೆ, ಪಾದದಿಂದಲ್ಲ. ತೊಡೆಗೆ ಅಷ್ಟು ನಾಜೂಕು ಬರುವುದಿಲ್ಲ. ಸೀಟನ್ನು ಸ್ವಲ್ಪ ಇಳಿಸಿ, ಒಂದೆರಡು ಹಲ್ಲು ಮುಂದಕ್ಕೆ ಎಳೆದೆವು. ಕ್ಲಚ್ ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಮಡಚಿರಬೇಕು. ಬೆನ್ನು ಸೀಟಿಗೆ ಒರಗಿದ್ದಾಗ ಕೈ ಚಾಚಿದರೆ ಮಣಿಕಟ್ಟು ಸ್ಟೀರಿಂಗ್‌ನ ಮೇಲಂಚಿಗೆ ತಾಗಬೇಕು. ಇಷ್ಟು ಸರಿಮಾಡಿ ಬಿ.ಎಂ. ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ಎಗರಾಟ ಅರ್ಧಕ್ಕರ್ಧ ಕಡಿಮೆಯಾಗಿತ್ತು.

ಉಳಿದರ್ಧ ನಿಜವಾಗಿ ಎಂಜಿನ್ನಿನದು. ಅದಕ್ಕೆ ಕಾರಣ ಹುಡುಕಿದರೆ ಅದು ಡೆಲ್ಲಿಯ ಬಜೆಟ್‌ವರೆಗೂ ಹೋಗುತ್ತದೆ.

2006ರ ಕೇಂದ್ರ ಬಜೆಟ್‌ನಲ್ಲಿ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಶೇ 24ರಿಂದ 16ಕ್ಕೆ ಇಳಿಸಿದರು. ಸಣ್ಣ ಕಾರು ಅಂದರೆ ಉದ್ದ 4 ಮೀಟರ್ ಮೀರಬಾರದು, ಪೆಟ್ರೋಲ್ ಎಂಜಿನ್ 1,200 ಸಿಸಿ ದಾಟಬಾರದು, ಡೀಸೆಲ್ ಆದರೆ 1,500 ಸಿಸಿ. ಸುಂಕ ಹೋಗಿ ಜಿಎಸ್‌ಟಿ ಬಂದರೂ ಈ ಗೆರೆ ಅಳಿಸಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ಗೆರೆಯೊಳಗಿನ ಗಾಡಿಗೆ ಶೇ 18, ಹೊರಗಿನದಕ್ಕೆ ಶೇ 40 ತೆರಿಗೆ. ನಿಮ್ಮ ಗಾಡಿಯ ಬ್ರೋಷರ್ ತೆಗೆದು ನೋಡಿ, ಉದ್ದ 3,995 ಮಿಲಿಮೀಟರ್ ಅಂತ ಇರುವ ಸಾಧ್ಯತೆ ಹೆಚ್ಚು. ಆ ಐದು ಮಿಲಿಮೀಟರ್ ಬಿಟ್ಟಿರುವುದು ತೆರಿಗೆಗಾಗಿ. ಹಿಂದಿನ ಡಿಕ್ಕಿ ಕತ್ತರಿಸಿದ ಹಾಗೆ ನೆಟ್ಟಗಿರುವುದಕ್ಕೂ ಅದೇ ಕಾರಣ.

ಈಗ ನೋಡಿ, ಟನ್ ಮೀರಿದ ಗಾಡಿಯನ್ನು 1,200 ಸಿಸಿ ಒಳಗಿನ ಎಂಜಿನ್ ಎಳೆಯಬೇಕು. ಅದಕ್ಕೇ ಟರ್ಬೊ. ಎಂಜಿನ್ನಿನಿಂದ ಹೊರಬರುವ ಹೊಗೆಯ ರಭಸಕ್ಕೆ ಒಂದು ಸಣ್ಣ ಚಕ್ರ ತಿರುಗುತ್ತದೆ. ಅದು ಇನ್ನೊಂದು ಚಕ್ರವನ್ನು ತಿರುಗಿಸಿ ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುತ್ತದೆ. ಹೊಗೆಯಲ್ಲಿ ರಭಸ ಇಲ್ಲದಿದ್ದರೆ ಟರ್ಬೊ ಇದ್ದೂ ಇಲ್ಲದ ಹಾಗೆ. ಈ ಎಂಜಿನ್‌ಗಳಲ್ಲಿ ಪೂರ್ತಿ ಎಳೆತ ಸಿಗುವುದು ಸಾಮಾನ್ಯವಾಗಿ 1,500ರಿಂದ 1,800 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಮುಟ್ಟಿದ ಮೇಲೆ. ಅದಕ್ಕಿಂತ ಕೆಳಗೆ ಗಾಡಿ ತೂಕಡಿಸುತ್ತದೆ. ಮುಟ್ಟಿದ ಕೂಡಲೇ ಮುಂದಕ್ಕೆ ಚಿಮ್ಮುತ್ತದೆ. ಮೇಡಂ ಹೇಳಿದ 'ಕಾಲಿಟ್ರೆ ಹೋಗಲ್ಲ, ಹೋದ್ರೆ ನಿಲ್ಲಲ್ಲ' ಅನ್ನುವುದಕ್ಕಿಂತ ಚೆನ್ನಾಗಿ ಇದನ್ನು ಯಾವ ಎಂಜಿನಿಯರೂ ಹೇಳಿದ್ದು ನಾನು ಕೇಳಿಲ್ಲ.

ಆಲ್ಟೋದಲ್ಲಿ ಇಪ್ಪತ್ತೈದು ಮೂವತ್ತರ ವೇಗಕ್ಕೆಲ್ಲ ಮೂರನೇ ಗೇರ್ ಹಾಕಿ ಅಭ್ಯಾಸ. ಹಗುರ ಗಾಡಿ, ನಡೆದುಬಿಡುತ್ತಿತ್ತು. ಇಲ್ಲಿ ಹಂಪ್ ದಾಟಿದ ಮೇಲೆ ಎರಡನೇ ಗೇರಿಗೆ ಬರಲೇಬೇಕು. ಓವರ್‌ಟೇಕ್ ಮಾಡುವ ಮುಂಚೆ ಗೇರ್ ಇಳಿಸಿಕೊಂಡು ಹೊರಡಬೇಕು, ಹೊರಟ ಮೇಲೆ ಇಳಿಸುವುದಲ್ಲ. ಬ್ರೆಝಾದ 1.5 ಲೀಟರ್ ಪೆಟ್ರೋಲ್ ಎಂಜಿನ್ನಿಗೆ ಟರ್ಬೊ ಇಲ್ಲ, ಹಾಗಾಗಿ ಈ ತೂಕಡಿಕೆಯೂ ಇಲ್ಲ. ಕಾಲು ಒತ್ತಿದಷ್ಟು ನಿಧಾನಕ್ಕೆ ಏರುತ್ತದೆ, ಪೂರ್ತಿ ಎಳೆತ ಬೇಕಾದರೆ 4,000 ಆರ್‌ಪಿಎಂ ದಾಟಿಸಬೇಕು. ಉದ್ದ ನಾಲ್ಕು ಮೀಟರ್ ಒಳಗಿದ್ದರೂ ಸಿಸಿ ಜಾಸ್ತಿ ಆದ್ದರಿಂದ ಅದಕ್ಕೆ ತೆರಿಗೆ ರಿಯಾಯಿತಿ ಸಿಗುವುದಿಲ್ಲ. ಊರೊಳಗೆ ಹೊಸಬರಿಗೆ ಯಾವುದು ಸುಲಭ ಅಂತ ಕೇಳಿದರೆ ನನ್ನ ಓಟು ಟರ್ಬೊ ಇಲ್ಲದ್ದಕ್ಕೇ.

ಎಎಂಟಿ ತಗೊಂಡವರ ದೂರು ಬೇರೆ. ಗೇರ್ ಬದಲಾಗುವಾಗ ತಲೆ ಮುಂದಕ್ಕೆ ಬಾಗುತ್ತದೆ ಅನ್ನುತ್ತಾರೆ. ಅದು ಮ್ಯಾನುಯಲ್ ಗೇರ್‌ಬಾಕ್ಸೇ, ಕ್ಲಚ್ ಒತ್ತಿ ಗೇರ್ ಬದಲಿಸುವ ಕೆಲಸ ಮಾತ್ರ ಮೋಟಾರಿನದು. ಗೇರ್ ಬದಲಾಗುವ ಹೊತ್ತಿಗೆ ಆಕ್ಸಿಲರೇಟರ್ ಮೇಲಿನ ಕಾಲನ್ನು ಚೂರು ಸಡಿಲ ಬಿಡಿ, ಸಾಕು. ಏರಿನಲ್ಲಿ ಸಿಗ್ನಲ್ ಬಿದ್ದಾಗ ಆಕ್ಸಿಲರೇಟರ್ ಒತ್ತಿಕೊಂಡು ಗಾಡಿ ನಿಲ್ಲಿಸಿಕೊಳ್ಳಬೇಡಿ. ಅಲ್ಲಿ ಸವೆಯುವುದು ಕ್ಲಚ್, ಅದಕ್ಕೆ ವಾರಂಟಿ ಸಿಗುವುದು ಕಷ್ಟ.

ಕುಲುಕಾಟದ ದೂರು ಬಂದರೆ ನಾನು ಮೊದಲು ತೆಗೆಯುವುದು ಗಾಳಿ ನೋಡುವ ಗೇಜ್. ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ. ಅದರಲ್ಲಿ 33 ಪಿಎಸ್ಐ ಅಂತಲೋ ಅದರ ಹತ್ತಿರದ್ದೋ ಬರೆದಿರುತ್ತದೆ. ಗೇಜ್ ಇಟ್ಟರೆ ಕೆಲವು ಹೊಸ ಗಾಡಿಗಳಲ್ಲಿ 40 ದಾಟಿರುತ್ತದೆ. ಯಾರ್ಡ್‌ನಲ್ಲಿ ವಾರಗಟ್ಟಲೆ ನಿಂತಾಗ ಟೈರ್ ಒಂದೇ ಕಡೆ ಚಪ್ಪಟೆಯಾಗಬಾರದು ಅಂತ ಜಾಸ್ತಿ ಗಾಳಿ ತುಂಬಿಸಿರುತ್ತಾರೆ. ಡೆಲಿವರಿಗೆ ಮುಂಚೆ ಇಳಿಸಬೇಕು. ರಿಬ್ಬನ್ನು, ಕೇಕು, ಚಕ್ರದಡಿಗೆ ನಿಂಬೆಹಣ್ಣು, ಫೋಟೊ ಎಲ್ಲ ಆಗುವ ಗಡಿಬಿಡಿಯಲ್ಲಿ ಅದೊಂದು ಉಳಿದುಬಿಡುತ್ತದೆ. ಮಾಲೀಕರು 'ಸಸ್ಪೆನ್ಷನ್ ಗಟ್ಟಿ' ಅಂತ ನೆಂಟರಿಷ್ಟರಿಗೆಲ್ಲ ಹೇಳಿಕೊಂಡು ತಿರುಗುತ್ತಿರುತ್ತಾರೆ. ಗಾಳಿಯನ್ನು ಬೆಳಿಗ್ಗೆ, ಟೈರ್ ತಣ್ಣಗಿದ್ದಾಗಲೇ ನೋಡಬೇಕು. ಓಡಿ ಬಿಸಿಯಾದ ಟೈರ್ ಸುಳ್ಳು ಲೆಕ್ಕ ತೋರಿಸುತ್ತದೆ. ಸರಿಯಾದ ಗಾಳಿ ಇಟ್ಟ ಮೇಲೂ ಗಾಡಿ ಆಲ್ಟೋಕ್ಕಿಂತ ಸ್ವಲ್ಪ ಬಿಗಿ ಅನ್ನಿಸುತ್ತದೆ. ಎತ್ತರದ ಗಾಡಿ ತಿರುವಿನಲ್ಲಿ ಒಂದು ಪಕ್ಕಕ್ಕೆ ವಾಲಬಾರದು ಅಂದರೆ ಸ್ಪ್ರಿಂಗ್ ಬಿಗಿ ಇರಲೇಬೇಕಲ್ವಾ.

ಎತ್ತರದ ವಿಷಯ ಬಂದಿದ್ದರಿಂದ ಹೇಳುತ್ತೇನೆ. ನನಗೆ ನಿಜವಾಗಿ ಹೆದರಿಕೆ ಆಗುವುದು ದೂರು ಹೇಳುವವರ ಬಗ್ಗೆ ಅಲ್ಲ, 'ನೂರರಲ್ಲಿ ಹೋದ್ರೂ ಗೊತ್ತೇ ಆಗಲ್ಲ ಸರ್' ಅಂತ ಖುಷಿಪಡುವವರ ಬಗ್ಗೆ. ಗೊತ್ತಾಗದಿರುವುದಕ್ಕೆ ಕಾರಣ ಕಣ್ಣು. ರಸ್ತೆಯಿಂದ ಕಣ್ಣು ಮೇಲೆ ಹೋದಷ್ಟೂ ನೆಲ ನಿಧಾನಕ್ಕೆ ಸರಿದ ಹಾಗೆ ಕಾಣುತ್ತದೆ. ಒಳಗೆ ಸದ್ದೂ ಕಡಿಮೆ. ಎಂಬತ್ತು ಅರವತ್ತರ ಹಾಗೆ ಅನ್ನಿಸುತ್ತದೆ. ಆದರೆ ತಿರುವಿಗೆ, ಬ್ರೇಕಿಗೆ ಅದು ಎಂಬತ್ತೇ. ಗಾಡಿಯ ಭಾರವೂ ಎತ್ತರದಲ್ಲಿದೆ. ಆಲ್ಟೋದಲ್ಲಿ ಅರವತ್ತಕ್ಕೇ ಬಾಗಿಲು ಗಡಗಡ ಅಂದು ಎಚ್ಚರಿಸುತ್ತಿತ್ತು, ಇಲ್ಲಿ ಆ ಸೌಭಾಗ್ಯ ಇಲ್ಲ.

ಬದಲಿಗೆ ಬೀಪ್ ಇದೆ. 80 ಮುಟ್ಟಿದಾಗ ಆಗಾಗ, 120 ದಾಟಿದರೆ ಬಿಡದೆ ಕೂಗುತ್ತದೆ. "ಇದನ್ನ ತೆಗೆಸಿಬಿಡಿ ಸರ್" ಅಂತ ಕೇಳುತ್ತಲೇ ಇರುತ್ತಾರೆ. 2019ರ ಜುಲೈ 1ರಿಂದ ಎಲ್ಲ ಹೊಸ ಕಾರುಗಳಿಗೂ ಇದು ಕಡ್ಡಾಯ, ತೆಗೆಯುವ ಹಾಗಿಲ್ಲ. ಸ್ಪೀಡೋಮೀಟರ್ ನೂರು ತೋರಿಸುವಾಗ ಫೋನಿನ ಮ್ಯಾಪ್ 94, 95 ತೋರಿಸಿದರೆ ಅದೂ ದೋಷವಲ್ಲ. ಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು ಅಂತ ನಿಯಮ, ಆದ್ದರಿಂದ ಕಂಪನಿಗಳು ಸ್ವಲ್ಪ ಜಾಸ್ತಿಯೇ ತೋರಿಸುವ ಹಾಗೆ ಇಟ್ಟಿರುತ್ತವೆ.

ಅಗಲದ ಅಂದಾಜಿಗೆ ಕ್ಯಾಮೆರಾ ನಂಬಿಕೊಂಡು ಕೂರಬೇಡಿ. ಖಾಲಿ ರಸ್ತೆಯಲ್ಲಿ ಎಡಗಡೆಯ ಬಿಳಿ ಗೆರೆಯ ಮೇಲೆ ಎಡ ಚಕ್ರ ನಿಲ್ಲಿಸಲು ನೋಡಿ. ಇಳಿದು ನೋಡಿದರೆ ಚಕ್ರ ಗೆರೆಯಿಂದ ಒಂದಡಿ ದೂರವೋ, ಗೆರೆ ದಾಟಿಯೋ ನಿಂತಿರುತ್ತದೆ. ಸರಿಮಾಡಿ ಮತ್ತೆ ಹತ್ತಿ ಕೂತು, ಆ ಗೆರೆ ಬಾನೆಟ್‌ನ ಯಾವ ಜಾಗದಲ್ಲಿ ಮರೆಯಾಗುತ್ತದೆ ಅಂತ ಗುರುತಿಟ್ಟುಕೊಳ್ಳಿ. ನಾಲ್ಕೈದು ಸಲ ಮಾಡಿದರೆ ಎಡಗಡೆ ಕೈಗೆ ಬರುತ್ತದೆ. ಸೀಟು ಸರಿಮಾಡಿದ ಮೇಲೆಯೇ ಇದನ್ನು ಮಾಡಬೇಕು, ಇಲ್ಲದಿದ್ದರೆ ಗುರುತೆಲ್ಲ ಬದಲಾಗುತ್ತದೆ.

ಮೈಲೇಜ್ ಬಗ್ಗೆ ಮಾತಾಡದೆ ಯಾರೂ ಎದ್ದು ಹೋಗುವುದಿಲ್ಲ. ಬ್ರೋಷರ್‌ನ ಎಆರ್‌ಎಐ (ವಾಹನ ಪರೀಕ್ಷೆ ಮಾಡುವ ಸಂಸ್ಥೆ) ಅಂಕಿ ರಸ್ತೆಯಲ್ಲಿ ತೆಗೆದದ್ದಲ್ಲ. ಗಾಡಿಯನ್ನು ರೋಲರ್ ಮೇಲೆ ನಿಲ್ಲಿಸಿ, ಎಸಿ ಹಾಕದೆ, ಇಪ್ಪತ್ತು ನಿಮಿಷಕ್ಕಿಂತ ಸ್ವಲ್ಪ ಕಡಿಮೆ ಹೊತ್ತು, 90 ಮೀರದ ವೇಗದಲ್ಲಿ ಓಡಿಸಿ ತೆಗೆದದ್ದು. ಅದು ಗಾಡಿಗಾಡಿಗೆ ಹೋಲಿಸಲು ಸರಿ, ನಿಮ್ಮ ಜೇಬಿನ ಲೆಕ್ಕಕ್ಕಲ್ಲ. ಈಗಿನ ಇ20 ಪೆಟ್ರೋಲ್‌ನಲ್ಲಿ ಐದನೇ ಒಂದು ಪಾಲು ಎಥನಾಲ್. ಲೀಟರಿಗೆ ಲೀಟರ್ ನೋಡಿದರೆ ಎಥನಾಲ್‌ನಲ್ಲಿ ಶಕ್ತಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ. ಅದರ ಪರಿಣಾಮ ಇದ್ದೇ ಇರುತ್ತದೆ. ಡ್ಯಾಶ್‌ಬೋರ್ಡ್ ಪರದೆ ಬಿಟ್ಟು, ನಳಿಕೆ ತಾನಾಗಿ ನಿಲ್ಲುವವರೆಗೆ ಫುಲ್ ಟ್ಯಾಂಕ್ ಹಾಕಿಸಿ, ಮತ್ತೆ ಅದೇ ಬಂಕಿನಲ್ಲಿ ಫುಲ್ ಮಾಡಿಸಿ, ನಡುವೆ ಓಡಿದ ಕಿಲೋಮೀಟರನ್ನು ಎರಡನೇ ಸಲ ಹಾಕಿಸಿದ ಲೀಟರಿನಿಂದ ಭಾಗಿಸಿ. ಮೊದಲ ಎರಡು ಟ್ಯಾಂಕಿನ ಲೆಕ್ಕ ಬಿಟ್ಟುಬಿಡಿ. ಆಗ ನಿಮ್ಮ ಕಾಲೂ ಹೊಸದು, ಎಂಜಿನ್ನೂ ಹೊಸದು.

ನಮ್ಮೂರಲ್ಲಿ ಗಾಡಿ ತಗೊಂಡವರ ಮೊದಲ ದೊಡ್ಡ ಪ್ರಯಾಣ ಧರ್ಮಸ್ಥಳಕ್ಕೋ ಸುಬ್ರಹ್ಮಣ್ಯಕ್ಕೋ. ಅಂದರೆ ಶಿರಾಡಿ ಇಳಿಯಬೇಕು, ಇಲ್ಲವೇ ಚಾರ್ಮಾಡಿ. ಬ್ರೇಕ್ ಪ್ಯಾಡು ಡಿಸ್ಕಿಗೆ ಇನ್ನೂ ಹೊಂದಿಕೊಳ್ಳುತ್ತಿರುತ್ತದೆ. ಮನೆಯವರೆಲ್ಲ ಒಳಗಿರುತ್ತಾರೆ. ಸಕಲೇಶಪುರ ದಾಟಿದಲ್ಲಿಂದ ಬ್ರೇಕ್ ಮೇಲೆ ಕಾಲಿಟ್ಟವರು ಗುಂಡ್ಯದಲ್ಲಿ ತೆಗೆಯುತ್ತಾರೆ. ಆಮೇಲೆ 'ಚಕ್ರದಿಂದ ಸುಟ್ಟ ವಾಸನೆ' ಅಂತ ನಮಗೆ ಫೋನ್. ಸಣ್ಣ ಎಂಜಿನ್ನಿಗೆ ಭಾರದ ಗಾಡಿಯನ್ನು ಹಿಡಿದಿಡುವ ಶಕ್ತಿಯೂ ಕಡಿಮೆ, ಆದ್ದರಿಂದ ಮೂರನೇ ಗೇರ್ ಸಾಲದು ಅನ್ನಿಸಿದರೆ ಎರಡನೆಯದಕ್ಕೆ ಬನ್ನಿ. ಆಟೊಮ್ಯಾಟಿಕ್ ಆದರೆ ಮ್ಯಾನುಯಲ್ ಮೋಡ್‌ಗೆ ಹಾಕಿ ಗೇರ್ ಇಳಿಸಿ. ಎಂಜಿನ್ ಗುಂಯ್ ಅಂದರೆ ಗಾಬರಿ ಬೇಡ. ಬ್ರೇಕನ್ನು ಒತ್ತಿ, ವೇಗ ಇಳಿಸಿ, ಪೂರ್ತಿ ಬಿಡಿ. ಒತ್ತಿಕೊಂಡೇ ಇರಬೇಡಿ.

ಮಳೆಗಾಲದ ಬೆಳಿಗ್ಗೆ ಗಾಡಿ ತೆಗೆದಾಗ ಬ್ರೇಕಿನಲ್ಲಿ ಕರಕರ ಅಂದರೆ ಚಕ್ರದ ಸಂದಿಯಿಂದ ಡಿಸ್ಕ್ ನೋಡಿ. ರಾತ್ರಿಯ ತೇವಕ್ಕೆ ಕಿತ್ತಳೆ ಬಣ್ಣದ ತೆಳುವಾದ ತುಕ್ಕು ಕೂತಿರುತ್ತದೆ. ರಸ್ತೆ ಕೊನೆ ಮುಟ್ಟುವಷ್ಟರಲ್ಲಿ ಪ್ಯಾಡೇ ಅದನ್ನು ಉಜ್ಜಿ ತೆಗೆದಿರುತ್ತದೆ.

ಹಾಗಂತ ಎಲ್ಲವೂ ಅಭ್ಯಾಸದ ಮಾತಲ್ಲ. ಗಾಳಿ ಸರಿ ಇದ್ದೂ ಗಾಡಿ ಒಂದೇ ಪಕ್ಕಕ್ಕೆ ಎಳೆಯುತ್ತಿದ್ದರೆ, ಬ್ರೇಕ್ ಪೆಡಲ್ ಮೆತ್ತಗಾಗಿ ಕೆಳಗೆ ಹೋದರೆ, ಟೆಂಪರೇಚರ್ ದೀಪ ಹತ್ತಿದರೆ ಸಾವಿರ ಕಿಲೋಮೀಟರ್ ಕಾಯಬೇಡಿ. ಟೆಂಪರೇಚರ್, ಬ್ರೇಕ್ ಎರಡರಲ್ಲೂ ಗಾಡಿಯನ್ನು ಅಲ್ಲೇ ನಿಲ್ಲಿಸಿ, ಟೋಯಿಂಗ್ ಕರೆಸಿ. ಸದ್ದಿನ ದೂರಾದರೆ ಬರೀ 'ಸೌಂಡ್ ಬರ್ತದೆ' ಅನ್ನಬೇಡಿ. ಎಷ್ಟು ವೇಗದಲ್ಲಿ, ಯಾವ ಗೇರಿನಲ್ಲಿ, ಎಂಜಿನ್ ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಬ್ರೇಕ್ ಒತ್ತಿದಾಗಲೋ ಬಿಟ್ಟಾಗಲೋ, ಒಂದು ಚೀಟಿಯಲ್ಲಿ ಬರೆದು ತನ್ನಿ. ಪಕ್ಕದಲ್ಲಿ ಕೂತವರು ಫೋನಿನಲ್ಲಿ ರೆಕಾರ್ಡ್ ಮಾಡಿದ್ದರೆ ಇನ್ನೂ ಒಳ್ಳೆಯದು. ವರ್ಕ್‌ಶಾಪ್ ಗೇಟಿನೊಳಗೆ ಬಂದ ಕೂಡಲೇ ಆ ಸದ್ದು ನಿಂತುಹೋಗುವುದು ನಾವೆಲ್ಲ ಕಂಡ ವಿಷಯ.